ಮರ ಹೊತ್ತ ಹಳಿ, ಜನ ಹೊತ್ತ ಹಳಿ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಪೊಕಹೊಂಟಾಸ್ ಅನ್ನೋ ಕೌಂಟಿ ಇದೆ. ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ. ಆದರೆ ಈ ಬೆಟ್ಟದ ಸೀಮೆಯಲ್ಲಿ ಇರೋದು ಎಂಟು ಸಾವಿರಕ್ಕಿಂತ ಕಡಿಮೆ ಜನ. ಇದರ ಕಥೆ ತಿಳಿಯೋಕೆ ಒಂದೇ ಪದ ಸಾಕು: ಇಳಿಜಾರು, ಅಂದ್ರೆ ಗ್ರೇಡಿಯೆಂಟ್.

1901ರಲ್ಲಿ ಒಂದು ಕಾಗದ ಕಂಪನಿ ಇಲ್ಲಿ ಕ್ಯಾಸ್ ಎಂಬ ಊರನ್ನೇ ಕಟ್ಟಿತು. ಬೆಟ್ಟದ ಮೇಲಿನ ಸ್ಪ್ರೂಸ್ ಮರಗಳನ್ನು ಕಡಿದು ಕೆಳಗಿಳಿಸೋದು ಅದರ ಕೆಲಸ. ಸಾಮಾನ್ಯ ರೈಲಿಗೆ 2% ಏರು ಬಂದರೇ ಕಷ್ಟ. ಇಲ್ಲಿ ಕೆಲವೆಡೆ 11%, ಅಂದ್ರೆ ನೂರು ಮೀಟರ್ ಹೋದರೆ ಹನ್ನೊಂದು ಮೀಟರ್ ಏರಬೇಕು!

ಇದಕ್ಕೆ ಉತ್ತರ ಶೇ ಎಂಜಿನ್. ಸಾಮಾನ್ಯ ಉಗಿ ಎಂಜಿನ್‌ನಲ್ಲಿ ಎಳೆಯೋದು ಕೆಲವು ದೊಡ್ಡ ಚಕ್ರಗಳು ಮಾತ್ರ. ಶೇ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಒಂದು ಪಕ್ಕದಲ್ಲಿ ನೆಟ್ಟಗೆ ನಿಂತಿರುತ್ತವೆ. ಅವು ಉದ್ದನೆಯ ಶಾಫ್ಟ್ ತಿರುಗಿಸಿದರೆ, ಬೆವೆಲ್ ಗೇರ್‌ಗಳ ಮೂಲಕ ಎಲ್ಲಾ ಚಕ್ರಕ್ಕೂ ಬಲ ಹೋಗುತ್ತದೆ. ಇಡೀ ತೂಕ ಹಿಡಿತಕ್ಕೆ ಒದಗುತ್ತದೆ, ಚಕ್ರ ಜಾರೋದು ಕಡಿಮೆ. ಕಳೆದುಕೊಳ್ಳೋದು ವೇಗ. ಫಸ್ಟ್ ಗೇರ್‌ನಲ್ಲಿ ಘಾಟಿ ಹತ್ತೋ ಲಾರಿ ನೆನಪಿಸಿಕೊಳ್ಳಿ.

1960ರಲ್ಲಿ ಮಿಲ್ ಮುಚ್ಚಿತು. ಊರಿನ ದುಡಿಮೆ ಹೋಯಿತು, ಹಳಿಗಳು ಗುಜರಿ ಪಾಲಾಗತೊಡಗಿದವು. ಆಗ ರಸಲ್ ಬಾಮ್ ಎಂಬ ರೈಲುಪ್ರೇಮಿ ಮತ್ತು ಸ್ಥಳೀಯರು ಸೇರಿ, ಇದನ್ನು ಉಳಿಸಿಕೊಳ್ಳಿ ಅಂತ ರಾಜ್ಯ ಸರ್ಕಾರವನ್ನು ಒಪ್ಪಿಸಿದರು. 1963ರಿಂದ ಅದೇ ಶೇ ಎಂಜಿನ್‌ಗಳು ಪ್ರವಾಸಿಗರನ್ನು ಹೊತ್ತು, 4,842 ಅಡಿ ಎತ್ತರದ ಬಾಲ್ಡ್ ನಾಬ್ ಬೆಟ್ಟದತ್ತ ಹತ್ತತೊಡಗಿದವು.

ಕ್ಯಾಸ್‌ನಿಂದ ಕೆಳಗೆ, ಗ್ರೀನ್‌ಬ್ರಯರ್ ನದಿಯ ದಂಡೆಯಲ್ಲಿ ಇನ್ನೊಂದು ರೈಲು ಮಾರ್ಗ ಇತ್ತು. ಅದರ ಹಳಿ ಕಿತ್ತರು, ಆದರೆ ದಾರಿ ಬಿಡಲಿಲ್ಲ. ಈಗ ಅದು ಸುಮಾರು 125 ಕಿ.ಮೀ. ಉದ್ದದ ಸೈಕಲ್ ಮತ್ತು ನಡಿಗೆಯ ಹಾದಿ. 35 ಸೇತುವೆ, ಎರಡು ಸುರಂಗ. ನದಿಯ ಜೊತೆಗೇ ಸಾಗೋದರಿಂದ ಇಳಿಜಾರು ಸುಮಾರು 1% ಅಷ್ಟೇ. ಭಾರದ ಗೂಡ್ಸ್ ಗಾಡಿಗಾಗಿ ಮಾಡಿದ ಆ ಲೆಕ್ಕದಿಂದಲೇ ಇವತ್ತು ಮಕ್ಕಳು, ವಯಸ್ಸಾದವರು ಕೂಡ ಬೆಟ್ಟದ ನಾಡಲ್ಲಿ ಆರಾಮಾಗಿ ಪೆಡಲ್ ತುಳಿಯಬಹುದು.

ಕಾಡು ಕಡಿಯೋಕೆ ಹಾಕಿದ ಹಳಿ ಅನ್ನೋದನ್ನ ಮರೆಯಬಾರದು, ನಿಜ. ಆದರೆ ಮುಂದೆ ಸರ್ವೆ ಕ್ಯಾಂಪಲ್ಲಿ ಲೆವೆಲಿಂಗ್ ಮಾಡ್ತಾ ಬೇಜಾರಾದರೆ ಇದೂ ನೆನಪಿರಲಿ ಗೆಳೆಯರೆ: ಕಂಪನಿ ಹೋಯಿತು, ಮಿಲ್ ಹೋಯಿತು, ಯಾರೋ ಸರಿಯಾಗಿ ಅಳೆದ ಇಳಿಜಾರು ಇನ್ನೂ ಊರಿಗೆ ಅನ್ನ ಕೊಡ್ತಿದೆ.