ಮನೆಗೊಂದು ನಿಸ್ತಂತು ರೂಟರ್: ಆಯ್ಕೆ ಮತ್ತು ಅಳವಡಿಕೆ

ದ್ಯುತಿತಂತುವಿನ ಅಥವಾ ತಂತಿಯ ಮೂಲಕ ಮನೆಬಾಗಿಲಿಗೆ ಬರುವ ಅಂತರ್ಜಾಲ ಸಂಪರ್ಕವನ್ನು ರೇಡಿಯೊ ತರಂಗಗಳ ಮೂಲಕ ಹಲವು ಉಪಕರಣಗಳಿಗೆ ಏಕಕಾಲದಲ್ಲಿ ಹಂಚಿಕೊಡುವ ಸಾಧನಕ್ಕೆ ನಿಸ್ತಂತು ರೂಟರ್ ಎಂದು ಹೆಸರು. ಹಿಂದೆ ಕಚೇರಿಗಳಲ್ಲಿ ಮಾತ್ರ ಕಾಣುತ್ತಿದ್ದ ಈ ಪುಟ್ಟ ಪೆಟ್ಟಿಗೆ ಇಂದು ಸಾಮಾನ್ಯ ಗೃಹಸ್ಥರ ಮನೆಯನ್ನೂ ಸೇರಿದೆ. ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ಮನೆಯಿಂದಲೇ ಮಾಡುವ ಕಚೇರಿ ಕೆಲಸ, ಊರಿನಲ್ಲಿರುವ ಹಿರಿಯರೊಡನೆ ಮುಖ ನೋಡಿ ಮಾತನಾಡುವುದು, ಇವೆಲ್ಲ ಅದನ್ನೇ ಅವಲಂಬಿಸಿವೆ. ಎರಡು ಮೂರು ಕೋಣೆಗಳ ಮನೆಗೆ ಸಾಧಾರಣ ಬೆಲೆಯ ರೂಟರ್ ಧಾರಾಳವಾಗಿ ಸಾಕು. ಅದನ್ನು ಎಲ್ಲಿ ಇಡಲಾಗಿದೆ, ಹೇಗೆ ಭದ್ರಪಡಿಸಲಾಗಿದೆ ಎಂಬ ಎರಡು ಸಂಗತಿಗಳು ಬೆಲೆಗಿಂತ ಹೆಚ್ಚಿನವು. ಕೊಳ್ಳುವವರು ಹೆಚ್ಚಾಗಿ ಗಮನಿಸದೆ ಬಿಡುವುದೂ ಇವೆರಡನ್ನೇ.

ಕೊಳ್ಳುವ ಮುನ್ನ ಒಂದು ಪರೀಕ್ಷೆ

ಸಂಪರ್ಕ ನೀಡುವ ಸಂಸ್ಥೆ ಗೋಡೆಗೆ ಅಳವಡಿಸಿ ಹೋಗುವ ಪೆಟ್ಟಿಗೆಗೆ ಓ.ಎನ್.ಟಿ. ಎನ್ನುತ್ತಾರೆ. ದ್ಯುತಿತಂತುವಿನಲ್ಲಿ ಬರುವ ಬೆಳಕಿನ ಸಂಕೇತಗಳನ್ನು ವಿದ್ಯುತ್ ಸಂಕೇತಗಳಾಗಿ ಪರಿವರ್ತಿಸುವುದು ಅದರ ಮುಖ್ಯ ಕೆಲಸ. ಇಂತಹ ಪೆಟ್ಟಿಗೆಗಳಲ್ಲಿ ಅನೇಕವು ತಾವೇ ರೂಟರ್‌ಗಳೂ ಆಗಿರುತ್ತವೆ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಒಂದು ಲ್ಯಾಪ್‌ಟಾಪನ್ನು ಆ ಪೆಟ್ಟಿಗೆಗೆ ತಂತಿಯಿಂದ ಜೋಡಿಸಿ ವೇಗವನ್ನು ಅಳೆದು ನೋಡಬೇಕು. ತಂತಿಯಲ್ಲಿ ಪೂರ್ಣ ವೇಗ ದೊರೆತು ಒಳಕೋಣೆಯಲ್ಲಿ ಮಾತ್ರ ದೊರೆಯದಿದ್ದರೆ ದೋಷ ನಿಸ್ತಂತು ಭಾಗದಲ್ಲಿದೆ. ಹೊಸ ರೂಟರ್ ನೆರವಾದೀತು. ತಂತಿಯಲ್ಲಿಯೇ ವೇಗವಿಲ್ಲವಾದರೆ ಎಷ್ಟೇ ಬೆಲೆಯ ರೂಟರ್ ತಂದರೂ ಪ್ರಯೋಜನವಿಲ್ಲ. ಆಗ ಮಾಡಬೇಕಾದದ್ದು ಸಂಸ್ಥೆಗೆ ದೂರು. ಕೆರೆಯಲ್ಲಿ ನೀರಿಲ್ಲದಾಗ ಕೊಡ ಬದಲಿಸಿ ಫಲವೇನು?

ಅಳತೆಯ ಘಟಕದ ಬಗೆಗೂ ಒಂದು ಮಾತು. ಸಂಸ್ಥೆಗಳು ಹೇಳುವುದು ಮೆಗಾಬಿಟ್ ಲೆಕ್ಕ, ಕಡತಗಳ ಗಾತ್ರ ಮೆಗಾಬೈಟ್ ಲೆಕ್ಕ. ಎಂಟು ಬಿಟ್‌ಗಳಿಗೆ ಒಂದು ಬೈಟ್. ಸೆಕೆಂಡಿಗೆ 100 ಮೆಗಾಬಿಟ್‌ನ ಸಂಪರ್ಕದಲ್ಲಿ ಕಡತವೊಂದು ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್‌ನಂತೆ ಇಳಿಯುತ್ತದೆ. ಇದನ್ನು ವಂಚನೆಯೆಂದು ತಿಳಿಯಬೇಕಾಗಿಲ್ಲ.

ಪೆಟ್ಟಿಗೆಯ ಮೇಲಿನ ಅಂಕಿಗಳು

ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಆವರ್ತನದ ಬ್ಯಾಂಡನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. 5 ಗಿಗಾಹರ್ಟ್ಸ್ ಬ್ಯಾಂಡಿನ ಮುಕ್ತ ಬಳಕೆಯ ವ್ಯಾಪ್ತಿಯನ್ನು 2018ರಲ್ಲಿ ಗಣನೀಯವಾಗಿ ವಿಸ್ತರಿಸಲಾಯಿತು. ಗೃಹಬಳಕೆಯ ಅಗ್ಗದ ರೂಟರ್‌ಗಳು ಈ ಎರಡರಲ್ಲೇ ಕೆಲಸ ಮಾಡುತ್ತವೆ. ಮೊದಲನೆಯದು ದೂರ ಸಾಗುತ್ತದೆ, ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತದೆ, ಆದರೆ ನಿಧಾನ. ಎರಡನೆಯದು ವೇಗಶಾಲಿ, ಆದರೆ ಒಂದೆರಡು ಗೋಡೆಗಳಾಚೆ ಸೊರಗುತ್ತದೆ. ಬಹುಮಹಡಿ ಕಟ್ಟಡಗಳಲ್ಲಿ ನೆರೆಹೊರೆಯ ಹತ್ತಾರು ಮನೆಗಳ ರೂಟರ್‌ಗಳು, ಬ್ಲೂಟೂತ್ ಸಾಧನಗಳು, ಅಡುಗೆಮನೆಯ ಮೈಕ್ರೋವೇವ್ ಒಲೆ, ಎಲ್ಲವೂ ಮೊದಲನೆಯ ಬ್ಯಾಂಡಿನಲ್ಲೇ ಕಿಕ್ಕಿರಿದಿರುವುದರಿಂದ ಅಲ್ಲಿ ವಾಸಿಸುವವರು ಎರಡೂ ಬ್ಯಾಂಡ್‌ಗಳಿರುವ, ಎಂದರೆ ಡ್ಯುಯಲ್ ಬ್ಯಾಂಡ್ ರೂಟರನ್ನೇ ಕೊಳ್ಳುವುದು ಲೇಸು. ಒಂದೇ ಬ್ಯಾಂಡಿನದು ಕೆಲವು ನೂರು ರೂಪಾಯಿ ಅಗ್ಗವೆಂಬುದು ನಿಜ. ಆ ಉಳಿತಾಯ ಉಳಿತಾಯವಲ್ಲ.

ಹೊರಕವಚದ ಮೇಲೆ ‘ಎನ್ 300’, ‘ಎಸಿ 1200’, ‘ಎಎಕ್ಸ್ 1500’ ಎಂಬಂತಹ ಬರಹಗಳಿರುತ್ತವೆ. ಅಕ್ಷರಗಳು ತಂತ್ರಜ್ಞಾನದ ತಲೆಮಾರನ್ನು ಸೂಚಿಸುತ್ತವೆ. ‘ಎನ್’ 2009ರ ಮಾನಕ, ‘ಎಸಿ’ 2013ರದು. ‘ಎಎಕ್ಸ್’ ಎಂಬುದು ವೈ-ಫೈ 6 ಎಂದು ಪ್ರಚಾರದಲ್ಲಿರುವ ಅನಂತರದ ಮಾನಕ. ಅಂಕಿಯು ಎಲ್ಲ ಬ್ಯಾಂಡ್‌ಗಳ ಗರಿಷ್ಠ ವೇಗಗಳ ಕೂಡಿಕೆ. 1200 ಎಂದರೆ ಒಂದು ಬ್ಯಾಂಡಿನ 300 ಮತ್ತು ಇನ್ನೊಂದರ 867 ಕೂಡಿ ಮೇಲಕ್ಕೆ ಸರಿಗಟ್ಟಿದ ಮೊತ್ತ. ಯಾವ ಮೊಬೈಲಿಗೂ ಅಷ್ಟು ವೇಗ ಒಟ್ಟಾಗಿ ಸಿಗುವುದಿಲ್ಲ.

ಈ ದೊಡ್ಡ ಅಂಕಿಯ ಮರೆಯಲ್ಲಿ ಚಿಕ್ಕದೊಂದು ವಿವರ ಅಡಗಿರುತ್ತದೆ. ತಂತಿ ಜೋಡಿಸುವ ಪೋರ್ಟ್‌ಗಳು 100 ಮೆಗಾಬಿಟ್‌ನವೋ, ಗಿಗಾಬಿಟ್ ಎಂದು ಕರೆಯಲಾಗುವ 1000 ಮೆಗಾಬಿಟ್‌ನವೋ ಎಂಬುದನ್ನು ಓದಿ ನೋಡಬೇಕು. ‘ಎಸಿ 1200’ ಎಂದು ಮುದ್ರಿಸಿರುವ ಅನೇಕ ಅಗ್ಗದ ರೂಟರ್‌ಗಳಲ್ಲಿ ಪೋರ್ಟ್‌ಗಳು 100 ಮೆಗಾಬಿಟ್‌ನವೇ. ಹೊರಗಿನಿಂದ ಬರುವ ಸಂಪರ್ಕವೆಲ್ಲ ಆ ಪೋರ್ಟಿನ ಮೂಲಕವೇ ನುಸುಳಬೇಕಾದ್ದರಿಂದ, 200 ಅಥವಾ 300 ಮೆಗಾಬಿಟ್‌ನ ಯೋಜನೆಗೆ ಹಣ ತೆತ್ತವರಿಗೂ ದೊರೆಯುವುದು ಸುಮಾರು 94 ಮಾತ್ರ. ನಿಮ್ಮ ಯೋಜನೆ 100ರೊಳಗಿದ್ದರೆ ಚಿಂತೆಯಿಲ್ಲ. ಅದಕ್ಕೂ ಮೀರಿದ್ದರೆ ಗಿಗಾಬಿಟ್ ಪೋರ್ಟ್ ಇಲ್ಲದ ರೂಟರನ್ನು ಮುಟ್ಟಬಾರದು. ಜೋಡಿಸುವ ತಂತಿಯೂ ‘ಕ್ಯಾಟ್ 5ಇ’ ಅಥವಾ ಅದಕ್ಕಿಂತ ಮೇಲಿನ ದರ್ಜೆಯದಾಗಿರಲಿ. ಅದರೊಳಗಿನ ಎಂಟು ಎಳೆಗಳಲ್ಲಿ ಒಂದು ತುಂಡಾದರೂ ಗಿಗಾಬಿಟ್ ಸಂಪರ್ಕ ಮೌನವಾಗಿ ನೂರಕ್ಕೆ ಇಳಿಯಬಹುದು.

ಹಾಗಾದರೆ ಎಷ್ಟು ವೇಗ ಬೇಕು? ಉತ್ತಮ ದರ್ಜೆಯ ಚಲಚ್ಚಿತ್ರವೊಂದನ್ನು ನೋಡಲು ಸೆಕೆಂಡಿಗೆ ಸುಮಾರು 5 ಮೆಗಾಬಿಟ್, ಅತ್ಯುನ್ನತ ದರ್ಜೆಯದಕ್ಕೆ 15ರಿಂದ 25 ಮೆಗಾಬಿಟ್ ಸಾಕಾಗುತ್ತದೆ. ನಾಲ್ಕು ಜನರ ಕುಟುಂಬಕ್ಕೆ 100 ಮೆಗಾಬಿಟ್ ಸಮೃದ್ಧಿಯೇ ಸರಿ. ಆಂಟೆನಾಗಳ ಸಂಖ್ಯೆಯನ್ನು ಕಂಡು ಮರುಳಾಗುವುದು ಬೇಡ. ಆರು ಕೊಂಬುಗಳಿದ್ದ ಮಾತ್ರಕ್ಕೆ ಎತ್ತು ಹೆಚ್ಚು ಉಳುವುದಿಲ್ಲ. ವಿದ್ಯುತ್ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಚಿಹ್ನೆ ಇದೆಯೇ ಎಂಬುದನ್ನು ಮಾತ್ರ ತಪ್ಪದೆ ನೋಡಬೇಕು.

ಇಡುವ ಸ್ಥಳ

ಮುಂಬಯಿಯ ಅಥವಾ ಪುಣೆಯ ಫ್ಲ್ಯಾಟ್ ಒಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ದ್ಯುತಿತಂತು ಮುಖ್ಯ ಬಾಗಿಲಿನ ಮೇಲಿನಿಂದ ಒಳಬರುತ್ತದೆ. ಕೆಲಸಗಾರನು ತನಗೆ ಅನುಕೂಲವಾದ ಆ ಮೂಲೆಯಲ್ಲಿಯೇ ಪೆಟ್ಟಿಗೆಯನ್ನು ತೂಗುಹಾಕಿ ಹೋಗುತ್ತಾನೆ. ಅಲ್ಲಿಂದ ಹೊರಡುವ ತರಂಗಗಳಲ್ಲಿ ಬಹುಪಾಲು ಮೆಟ್ಟಿಲಿಗೂ ಲಿಫ್ಟಿಗೂ ಸಲ್ಲುತ್ತವೆ. ಮಗಳು ಓದುವ ಕೋಣೆಗೆ ತಲಪುವಷ್ಟರಲ್ಲಿ ಎರಡು ಗೋಡೆಗಳೂ ಒಂದು ಉಕ್ಕಿನ ಕಪಾಟೂ ಅಡ್ಡಬಂದಿರುತ್ತವೆ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟ್, ಲೋಹದ ಕಪಾಟು, ದೊಡ್ಡ ಕನ್ನಡಿ, ನೀರು ತುಂಬಿದ ತೊಟ್ಟಿ, ಇವೆಲ್ಲ ರೇಡಿಯೊ ತರಂಗಗಳಿಗೆ ತಡೆಗೋಡೆಗಳು. ಟಿ.ವಿ.ಯ ಹಿಂದೆ ರೂಟರನ್ನು ಬಚ್ಚಿಡುವುದು ನೋಟಕ್ಕೆ ಚೆನ್ನು, ಸಂಪರ್ಕಕ್ಕೆ ಕೇಡು.

ಇದಕ್ಕೆ ಪರಿಹಾರ ಸರಳವಾದುದು. ಸಂಸ್ಥೆಯ ಪೆಟ್ಟಿಗೆ ಇದ್ದಲ್ಲಿಯೇ ಇರಲಿ. ಅಲ್ಲಿಂದ ಹತ್ತೋ ಹದಿನೈದೋ ಮೀಟರ್ ತಂತಿಯನ್ನು ಗೋಡೆಯ ಬುಡದಲ್ಲಿ ಎಳೆದು, ಮನೆಯ ನಡುಭಾಗದಲ್ಲಿ, ಎದೆಯೆತ್ತರಕ್ಕೆ ಮೀರಿದ ತೆರೆದ ಗೂಡಿನಲ್ಲೋ ಶೆಲ್ಫಿನ ಮೇಲೋ ರೂಟರನ್ನು ಇಡಬೇಕು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕರು ಒಪ್ಪದಿದ್ದರೆ ಚಪ್ಪಟೆ ತಂತಿಯನ್ನು ಬಾಗಿಲ ಚೌಕಟ್ಟಿನ ಮೇಲೆ ಹಾಯಿಸಬಹುದು. ನೆಟ್ಟಗೆ ನಿಲ್ಲಿಸಿದ ಆಂಟೆನಾದಿಂದ ತರಂಗಗಳು ಅದರ ಸುತ್ತ ಉದ್ದಿನ ವಡೆಯ ಆಕಾರದಲ್ಲಿ ಹರಡುತ್ತವೆ. ತುದಿಯ ನೇರಕ್ಕೆ ಬಲ ತೀರ ಕಡಿಮೆ. ಆದ್ದರಿಂದ ಒಂದೇ ಅಂತಸ್ತಿನ ಮನೆಯಲ್ಲಿ ಆಂಟೆನಾಗಳನ್ನು ನೆಟ್ಟಗೇ ನಿಲ್ಲಿಸಬೇಕು. ಈ ಸ್ಥಳಾಂತರಕ್ಕೆ ತಗಲುವ ವೆಚ್ಚ ಕೆಲವು ನೂರು ರೂಪಾಯಿ. ಇದರಿಂದ ಆಗುವ ಲಾಭವನ್ನು ಎರಡರಷ್ಟು ಬೆಲೆಯ ರೂಟರೂ ಅನೇಕ ವೇಳೆ ಕೊಡಲಾರದು.

ಜೋಡಣೆ

ಕೆಲವು ಸಂಸ್ಥೆಗಳ ಸಂಪರ್ಕಕ್ಕೆ ಪಿ.ಪಿ.ಪಿ.ಓ.ಇ. ಎಂಬ ವಿಧಾನದಲ್ಲಿ ಬಳಕೆದಾರನ ಹೆಸರು ಮತ್ತು ಗುಪ್ತಪದವನ್ನು ರೂಟರಿಗೆ ಊಡಿಸಬೇಕಾಗುತ್ತದೆ. ಇದನ್ನು ಸಂಸ್ಥೆಯಿಂದ ಮೊದಲೇ ಬರೆಸಿಕೊಳ್ಳಿ. ಓ.ಎನ್.ಟಿ.ಯೇ ಈ ಕೆಲಸ ಮಾಡುತ್ತಿದ್ದರೆ ನಿಮ್ಮ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಸ್ಥಿತಿಯಲ್ಲಿ ಇರಿಸಿದರೆ ಸಾಕು. ಒಂದು ಮನೆಗೆ ಇಬ್ಬರು ಯಜಮಾನರಾಗುವ ಗೊಂದಲ ತಪ್ಪುತ್ತದೆ. ದೂರವಾಣಿಯೂ ಅದೇ ಪೆಟ್ಟಿಗೆಯಿಂದ ನಡೆಯುತ್ತಿದ್ದರೆ ಅದನ್ನು ಕಿತ್ತುಹಾಕಬಾರದು.

ಮುಂದಿನ ಕ್ರಮ ಕಷ್ಟದ್ದಲ್ಲ. ಓ.ಎನ್.ಟಿ.ಯಿಂದ ಬಂದ ತಂತಿಯನ್ನು ರೂಟರಿನ ‘ವ್ಯಾನ್’ ಎಂದು ಗುರುತಿಸಿದ, ಹೆಚ್ಚಾಗಿ ಬೇರೆ ಬಣ್ಣದ ಪೋರ್ಟಿಗೆ ಸೇರಿಸಿ, ರೂಟರಿನ ತಳದ ಚೀಟಿಯಲ್ಲಿರುವ ವಿಳಾಸವನ್ನು ಮೊಬೈಲಿನ ಅಥವಾ ಗಣಕಯಂತ್ರದ ಬ್ರೌಸರಿನಲ್ಲಿ ಟೈಪು ಮಾಡಿದರೆ ಆಡಳಿತ ಪುಟ ತೆರೆಯುತ್ತದೆ. 192.168.0.1 ಅಥವಾ 192.168.1.1 ಎಂಬುದು ಸಾಮಾನ್ಯ ವಿಳಾಸ. ಅಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡಿಗೆ 1, 6, 11 ಈ ಮೂರರಲ್ಲಿ ಒಂದು ಚಾನೆಲನ್ನೂ 20 ಮೆಗಾಹರ್ಟ್ಸ್ ಅಗಲವನ್ನೂ ಆರಿಸಬೇಕು. ಈ ಮೂರು ಚಾನೆಲ್‌ಗಳು ಮಾತ್ರ ಒಂದರ ಮೇಲೊಂದು ಹಾಯುವುದಿಲ್ಲ. ಬಾಗಿಲ ಕ್ಯಾಮೆರಾ, ಸ್ಮಾರ್ಟ್ ಬಲ್ಬು ಮುಂತಾದ ಅಗ್ಗದ ಸಾಧನಗಳು 2.4ನ್ನು ಮಾತ್ರ ಬಲ್ಲವಾದ್ದರಿಂದ ಆ ಬ್ಯಾಂಡನ್ನು ಪೂರ್ತಿ ಮುಚ್ಚಬೇಡಿ. ಮೊಬೈಲ್, ಲ್ಯಾಪ್‌ಟಾಪ್‌ಗಳಿಗೆ 5 ಗಿಗಾಹರ್ಟ್ಸ್ ಇರಲಿ.

ಭದ್ರತೆ

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ನಡೆದವು. ಅದಕ್ಕೆ ಕೆಲವೇ ನಿಮಿಷಗಳ ಮೊದಲು ಸುದ್ದಿಸಂಸ್ಥೆಗಳಿಗೆ ಬಂದ ಬೆದರಿಕೆಯ ಮಿಂಚಂಚೆಯ ಜಾಡು ಹಿಡಿದ ಪೊಲೀಸರು ತಲಪಿದ್ದು ನವಿ ಮುಂಬಯಿಯ ಒಂದು ಮನೆಗೆ. ಅಲ್ಲಿ ವಾಸವಾಗಿದ್ದ ವಿದೇಶಿ ಪ್ರಜೆಗೆ ಈ ಕೃತ್ಯದ ಅರಿವೇ ಇರಲಿಲ್ಲ. ಭದ್ರಪಡಿಸದೆ ಬಿಟ್ಟಿದ್ದ ಅವರ ನಿಸ್ತಂತು ಸಂಪರ್ಕವನ್ನು ಅನ್ಯರು ಬಳಸಿಕೊಂಡಿದ್ದರು. ಆದರೂ ಅವರು ದೀರ್ಘ ವಿಚಾರಣೆಗೆ ಒಳಗಾಗಬೇಕಾಯಿತು. ಮರುವರ್ಷ ದೂರಸಂಪರ್ಕ ಇಲಾಖೆ ವೈ-ಫೈ ಜಾಲಗಳ ಭದ್ರತೆಯ ಬಗ್ಗೆ ಸೇವಾಸಂಸ್ಥೆಗಳಿಗೆ ಸೂಚನೆ ನೀಡಿತು. ಅಂತರ್ಜಾಲದಲ್ಲಿ ನಡೆಯುವ ಯಾವುದೇ ವ್ಯವಹಾರದ ಜಾಡು ಮೊದಲು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಮನೆಬಾಗಿಲಿಗೇ ಬರುತ್ತದೆ.

ಒಂದು ರೂಟರಿಗೆ ಎರಡು ಗುಪ್ತಪದಗಳಿರುತ್ತವೆ ಎಂಬುದು ಅನೇಕರಿಗೆ ತಿಳಿದಿಲ್ಲ. ಒಂದು, ಮನೆಮಂದಿ ಮೊಬೈಲಿನಲ್ಲಿ ನಮೂದಿಸುವ ವೈ-ಫೈ ಗುಪ್ತಪದ. ಇನ್ನೊಂದು, ಆಡಳಿತ ಪುಟದ್ದು. ಎರಡನೆಯದನ್ನು ‘ಅಡ್ಮಿನ್’ ಎಂಬ ಕಾರ್ಖಾನೆಯ ಪದದಲ್ಲಿಯೇ ಬಿಟ್ಟಿರುವ ಮನೆಗಳು ಬಹಳ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಇಂತಹ ಕಾರ್ಖಾನೆಯ ಪದಗಳನ್ನೇ ಒಂದೊಂದಾಗಿ ಪ್ರಯೋಗಿಸಿ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾಗಳನ್ನೂ ರೂಟರ್‌ಗಳನ್ನೂ ವಶಪಡಿಸಿಕೊಂಡಿತ್ತು. ಮೊದಲ ದಿನವೇ ಎರಡನ್ನೂ ಬದಲಿಸಬೇಕು. ಮನೆಯ ಸಂಖ್ಯೆ, ದೂರವಾಣಿ ಸಂಖ್ಯೆ, ಮಕ್ಕಳ ಹೆಸರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಸೇರಿಸಿ ಬರೆದು, ನಡುವೆ ಒಂದೆರಡು ಅಂಕಿಗಳನ್ನಿಟ್ಟರೆ ನೆನಪಿಗೆ ಸುಲಭ, ಊಹೆಗೆ ಕಠಿಣ.

ಸಂಕೇತೀಕರಣದ ವಿಧಾನವಾಗಿ ‘ಡಬ್ಲ್ಯುಪಿಎ 3’ ಅನ್ನು, ಹಳೆಯ ಉಪಕರಣಗಳಿದ್ದರೆ ‘ಡಬ್ಲ್ಯುಪಿಎ 2’ ಅನ್ನು ಆರಿಸಿ. ‘ಡಬ್ಲ್ಯುಇಪಿ’ ಎಂಬ 1997ರ ವಿಧಾನವನ್ನು 2001ರಲ್ಲಿಯೇ ಭೇದಿಸಲಾಗಿದೆ. ಅದರ ಗೊಡವೆ ಬೇಡ. ಗುಂಡಿ ಒತ್ತಿದೊಡನೆ ಸಂಪರ್ಕ ಕೊಡುವ ‘ಡಬ್ಲ್ಯುಪಿಎಸ್’ ಸೌಲಭ್ಯವನ್ನೂ, ಹೊರಗಿನಿಂದ ಆಡಳಿತ ಪುಟವನ್ನು ತೆರೆಯುವ ಸೌಲಭ್ಯವನ್ನೂ ನಿಲ್ಲಿಸಿಡಿ. ಬಂದ ಅತಿಥಿಗಳಿಗೆ ಇಲ್ಲವೆನ್ನುವುದು ನಮ್ಮ ಸಂಪ್ರದಾಯವಲ್ಲ. ಅವರಿಗಾಗಿ ‘ಗೆಸ್ಟ್’ ಜಾಲವೊಂದನ್ನು ಪ್ರತ್ಯೇಕವಾಗಿ ತೆರೆದು, ಅದರ ಗುಪ್ತಪದವನ್ನು ಆಗಾಗ ಬದಲಿಸುತ್ತಿದ್ದರೆ ಸೌಜನ್ಯವೂ ಉಳಿಯುತ್ತದೆ, ಮನೆಯ ಗಣಕಯಂತ್ರವೂ ಸುರಕ್ಷಿತ. ತಯಾರಕರು ಕಾಲಕಾಲಕ್ಕೆ ಹೊರತರುವ ತಂತ್ರಾಂಶದ ಪರಿಷ್ಕರಣೆಯನ್ನು ತಾನಾಗಿಯೇ ಪಡೆಯುವ ಸೌಲಭ್ಯವಿರುವ ಮಾದರಿಗೆ ನೂರಿನ್ನೂರು ರೂಪಾಯಿ ಹೆಚ್ಚು ತೆತ್ತರೂ ತಪ್ಪಿಲ್ಲ. ಸಂಪರ್ಕದ ಮೂಲಕ ಹಣ ವಂಚನೆಯಾದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು.

ವರ್ಗವಾಗಿ ಬೇರೆ ಊರಿಗೆ ಹೋಗುವವರು ಸಂಸ್ಥೆಯ ಪೆಟ್ಟಿಗೆಯನ್ನು ಹಿಂದಿರುಗಿಸಿ ರಶೀದಿ ಪಡೆಯಬೇಕು. ಸ್ವಂತ ರೂಟರನ್ನು ಕೊಂಡೊಯ್ಯಬಹುದು. ಅದನ್ನು ಮಾರುವುದಾದರೆ ಅಥವಾ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡುವುದಾದರೆ, ಅದಕ್ಕೆ ಮೊದಲು ಅದರ ಸಣ್ಣ ರಂಧ್ರದಲ್ಲಿರುವ ‘ರೀಸೆಟ್’ ಗುಂಡಿಯನ್ನು ಸೂಜಿಯಿಂದ ಸುಮಾರು ಹತ್ತು ಸೆಕೆಂಡು ಒತ್ತಿಹಿಡಿದು, ಒಳಗೆ ಉಳಿದಿರುವ ಹೆಸರು ಹಾಗೂ ಗುಪ್ತಪದಗಳನ್ನು ಅಳಿಸಿಹಾಕಬೇಕು.