ಎಂಜಿನಿಗೆ ಜ್ವರ ಬಂದಾಗ

ಕಳೆದ ಬೇಸಗೆಯಲ್ಲಿ ಅಜ್ಜಿಯ ಕಣ್ಣಿನ ಪೊರೆ ತೆಗೆಸಿ, ನಾವು ಕೊಯಮತ್ತೂರಿನಿಂದ ತಾಳವಾಡಿಗೆ ಬಾಡಿಗೆ ಕಾರಿನಲ್ಲಿ ಹಿಂದಿರುಗುತ್ತಿದ್ದೆವು. ಬಣ್ಣಾರಿ ದಾಟಿದರೆ ದಿಂಬಂ ಘಾಟಿ. 27 ಕಡಿದಾದ ತಿರುವುಗಳು. ಅರ್ಧ ದಾರಿ ಏರುವಷ್ಟರಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಚಾಲಕರು ಕಾರನ್ನು ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರು. ಬುಸ್ಸೆಂದು ಆವಿ ಎದ್ದಿತು. ಸಂಜೆಯಾಗುತ್ತಿತ್ತು, ಆನೆಗಳು ಓಡಾಡುವ ಕಾಡು, ಅಜ್ಜಿಯ ಕಣ್ಣಿಗೆ ಪಟ್ಟಿ. ಬೇಗ ನೀರು ಹಾಕಿ ಹೊರಡೋಣವೆಂದು ನಮ್ಮಲ್ಲೊಬ್ಬನು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದನು. ಚಾಲಕರು ಆ ಕೈಯನ್ನು ಹಿಡಿದೆಳೆದರು. ಅವರು ಹಾಗೇಕೆ ಮಾಡಿದರೆಂಬುದೇ ಈ ಪಾಠ.

ಎಂಜಿನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೋಗುತ್ತದೆ. ಉಳಿದುದನ್ನು ಹೆಚ್ಚಾಗಿ ನೀರೇ ಹೊತ್ತು ಹೊರಹಾಕಬೇಕು. ಪಂಪು ನೀರನ್ನು ಎಂಜಿನಿನ ಸುತ್ತ ಓಡಿಸುತ್ತದೆ. ಕಾದ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಹರಿದು ಗಾಳಿಗೆ ತಣಿಯುತ್ತದೆ. ನಡುವೆ ಥರ್ಮೋಸ್ಟಾಟ್ ಎಂಬ ಬಾಗಿಲಿದೆ. ನೀರು ಸುಮಾರು 85 ಡಿಗ್ರಿ ಸೆಂಟಿಗ್ರೇಡಿಗೆ ಕಾದಾಗ ಅದು ತಾನಾಗಿ ತೆರೆದುಕೊಳ್ಳುತ್ತದೆ.

ನಮ್ಮ ಮನೆಯ ಪ್ರೆಷರ್ ಕುಕ್ಕರಿನಂತೆಯೇ ರೇಡಿಯೇಟರಿನ ಮುಚ್ಚಳವೂ ಒತ್ತಡವನ್ನು ಹಿಡಿದಿಡುತ್ತದೆ. ಆದುದರಿಂದ ಒಳಗಿನ ನೀರು 100 ಡಿಗ್ರಿಯಲ್ಲಿ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡವಿಳಿದು ಆ ನೀರು ಒಮ್ಮೆಗೇ ಕುದಿದು ಚಿಮ್ಮುತ್ತದೆ. ಒಂದು ಗ್ರಾಂ ಆವಿಯು ಚರ್ಮದ ಮೇಲೆ ನೀರಾಗುವಾಗ ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಬಿಡುತ್ತದೆ. ಬಿಸಿನೀರಿನ ಸುಡುವಿಕೆ ಅದರ ನಂತರದ್ದು. ಅಂದು ಮುಚ್ಚಳ ತೆರೆದಿದ್ದರೆ ಒಂದು ಮುಖ ಬೆಂದುಹೋಗುತ್ತಿತ್ತು.

ತಾಳಿದವನು ಬಾಳಿಯಾನು ಎಂಬಂತೆ ಅರ್ಧ ಗಂಟೆಗೂ ಹೆಚ್ಚು ಕಾದೆವು. ಮೇಲಿನ ಹೋಸು ಕೈಗೆ ತಣ್ಣಗಾದ ಮೇಲೆ ಚಾಲಕರು ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಸ್ವಲ್ಪವೇ ತಿರುಗಿಸಿ, ಉಳಿದ ಒತ್ತಡವನ್ನು ಬಿಟ್ಟು, ಬಳಿಕ ಪೂರ್ತಿ ತೆಗೆದರು. ಸುಮಾರು ಎರಡು ಲೀಟರ್ ನೀರು ಕಡಿಮೆಯಿತ್ತು. ಕಾದ ಎಂಜಿನಿಗೆ ತಣ್ಣೀರು ಸುರಿದರೆ ಲೋಹವು ಒಂದೆಡೆ ಥಟ್ಟನೆ ಕುಗ್ಗಿ ಬಿರುಕು ಬಿಡಬಹುದು. ಕಾಯುವುದಕ್ಕೆ ಇದೂ ಒಂದು ಕಾರಣ.

ನೀರು ಹೋದುದೆಲ್ಲಿಗೆ? ಹುಡುಕುವುದಕ್ಕೆ ಒಂದು ಕ್ರಮವಿದೆ.

1. ನೀರು ಕಡಿಮೆಯಾಗಿದ್ದರೆ ಹೋಸು, ಕ್ಲಿಪ್ಪು, ರೇಡಿಯೇಟರು, ಪಂಪು ಇವುಗಳಲ್ಲಿ ಒದ್ದೆ ಗುರುತನ್ನು ನೋಡಬೇಕು.

2. ಹೊರಗೆ ಎಲ್ಲಿಯೂ ಸೋರದಿದ್ದರೂ ನೀರು ಇಳಿಯುತ್ತಿದ್ದರೆ, ಹೊಗೆ ಬಿಳಿಯಾಗಿ ಬರುತ್ತಿದ್ದರೆ, ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಮುಂದೆ ಓಡಿಸಕೂಡದು.

3. ನೀರು ಸರಿಯಿದೆ, ಮೇಲಿನ ಹೋಸು ಸುಡುತ್ತಿದೆ, ಕೆಳಗಿನದು ತಣ್ಣಗಿದೆ ಎಂದರೆ ಥರ್ಮೋಸ್ಟಾಟ್ ತೆರೆದಿಲ್ಲದಿರಬಹುದು. ಅದನ್ನು ಬಿಚ್ಚಿ ನೀರಿನ ಪಾತ್ರೆಯಲ್ಲಿ ಕಾಯಿಸಿ ಥರ್ಮಾಮೀಟರ್ ಇಟ್ಟು ನೋಡಿದರೆ ಗುಟ್ಟು ತಿಳಿಯುತ್ತದೆ.

4. ನಿಂತಾಗ ಮತ್ತು ನಿಧಾನವಾಗಿ ಹೋಗುವಾಗ ಮಾತ್ರ ಬಿಸಿಯಾದರೆ ಫ್ಯಾನಿನ ದೋಷ; ಫ್ಯೂಸ್, ರಿಲೇ, ಮೋಟಾರುಗಳನ್ನು ಪರೀಕ್ಷಿಸಬೇಕು. ಹಳೆಯ ಗಾಡಿಗಳಲ್ಲಿ ಬೆಲ್ಟ್ ಸಡಿಲವಾಗಿರಬಹುದು.

5. ವೇಗದಲ್ಲಿ ಅಥವಾ ಏರಿನಲ್ಲಿ ಬಿಸಿಯಾದರೆ ರೇಡಿಯೇಟರ್ ಕಟ್ಟಿರಬಹುದು. ಹೊರಗೆ ಕೆಸರು ಮತ್ತು ಹುಳು, ಒಳಗೆ ಗಡಸು ನೀರಿನ ಸುಣ್ಣ.

ನಮ್ಮ ಕಾರಿನಲ್ಲಿ ದೋಷ ಮೊದಲನೆಯ ಹಂತದಲ್ಲೇ ಸಿಕ್ಕಿತು. ಮೇಲಿನ ಹೋಸು ಕ್ಲಿಪ್ಪಿನ ಬಳಿ ಸೀಳಿತ್ತು. ಚಾಲಕರು ಸೀಳಿದ ತುದಿಯನ್ನು ಬೆರಳಗಲ ಕತ್ತರಿಸಿ ಮತ್ತೆ ಬಿಗಿದರು. ನಮ್ಮ ಕುಡಿಯುವ ನೀರನ್ನೇ ನಿಧಾನವಾಗಿ ತುಂಬಿ, ಎಂಜಿನ್ ಓಡಿಸಿ, ಸೋರುವುದಿಲ್ಲವೆಂದು ನೋಡಿಕೊಂಡು ಹೊರಟರು. ಕತ್ತಲಾಗುವ ಮುನ್ನ ದಿಂಬಂ ಮುಟ್ಟಿದೆವು. ಮರುದಿನ ಹೊಸ ಹೋಸು ಹಾಕಿಸಿದರು. ಒಳಗೆ ಸುಣ್ಣವೂ ಕಟ್ಟಿತ್ತು, ಏಕೆಂದರೆ ವರ್ಷಗಳಿಂದ ಬಾವಿಯ ನೀರನ್ನೇ ಹಾಕುತ್ತಿದ್ದರಂತೆ. ರೇಡಿಯೇಟರನ್ನು ತೊಳೆಸಿ, ಕೂಲೆಂಟನ್ನು ಶುದ್ಧೀಕರಿಸಿದ ನೀರಿನೊಡನೆ ಬೆರೆಸಿ ತುಂಬಿಸಿದರು. ಕೂಲೆಂಟು ಕುದಿಬಿಂದುವನ್ನು ಏರಿಸುವುದಲ್ಲದೆ ತುಕ್ಕನ್ನೂ ತಡೆಯುತ್ತದೆ. ಅದು ವಿಷವಾದುದರಿಂದ ಮಕ್ಕಳಿಗೂ ದನಕರುಗಳಿಗೂ ಎಟುಕಬಾರದು.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ದಿನ ಬೆಳಿಗ್ಗೆ ಕಾರಿನ ಕೆಳಗೆ ಅಂಗೈಯಗಲ ಒದ್ದೆಯಿದ್ದುದನ್ನು ನಾವೆಲ್ಲರೂ ಕಂಡಿದ್ದೆವು. ಯಾರೋ ನೀರು ಚೆಲ್ಲಿರಬೇಕೆಂದು ಸುಮ್ಮನಾದೆವು. ಬಗ್ಗಿ ನೋಡಿದ್ದರೆ ಆ ಹೋಸನ್ನು ಕೊಯಮತ್ತೂರಿನಲ್ಲೇ ಬದಲಿಸಬಹುದಾಗಿತ್ತು, ಪಟ್ಟಿ ಕಟ್ಟಿದ ಕಣ್ಣಿನ ಅಜ್ಜಿ ಕಾಡಿನ ನಡುವೆ ಕುಳಿತು "ಇನ್ನೆಷ್ಟು ಹೊತ್ತಪ್ಪಾ?" ಎಂದು ಕೇಳಬೇಕಾಗಿರಲಿಲ್ಲ. ಮನೆಯಲ್ಲಿ ಗಾಡಿಯುಳ್ಳ ಹಿರಿಯರು ಹೊರಡುವ ಮುನ್ನ ತಣ್ಣಗಿರುವ ಎಂಜಿನಿನ ನೀರನ್ನೂ ಗಾಡಿಯ ಕೆಳಗಿನ ನೆಲವನ್ನೂ ಒಮ್ಮೆ ನೋಡಲಿ. ಅವರು ಮರೆತರೆ ನೆನಪಿಸುವ ಕೆಲಸ ವಿದ್ಯಾರ್ಥಿಗಳಾದ ನಮ್ಮದು.