‘ಉದ್ಯಾಪನೆ’ ಎಂಬ ಪದ: ಅದರ ಅರ್ಥ ಮತ್ತು ಪ್ರಯೋಗ



ಭಾದ್ರಪದ ಮಾಸವು ಸಮೀಪಿಸಿತೆಂದರೆ ನಮ್ಮ ಮನೆಗಳಿಗೆ ಬರುವ ಆಮಂತ್ರಣ ಪತ್ರಿಕೆಗಳಲ್ಲಿ ‘ಉದ್ಯಾಪನೆ’ ಎಂಬ ಪದವು ಪದೇ ಪದೇ ಕಾಣಿಸಿಕೊಳ್ಳುತ್ತದೆ. ಪತ್ರಿಕೆಯನ್ನು ಓದುತ್ತೇವೆ, ಬಸದಿಗೆ ಹೋಗುತ್ತೇವೆ, ಗಂಧೋದಕವನ್ನು ಸ್ವೀಕರಿಸಿ ಹಿಂದಿರುಗುತ್ತೇವೆ. ಆದರೆ ಆ ಪದದ ಅರ್ಥವೇನು, ಅದನ್ನು ಎಲ್ಲಿ ಬಳಸತಕ್ಕದ್ದು, ಎಲ್ಲಿ ಬಳಸತಕ್ಕದ್ದಲ್ಲ ಎಂಬ ವಿಚಾರವನ್ನು ನಾವು ಸಾಮಾನ್ಯವಾಗಿ ಮಾಡುವುದಿಲ್ಲ. ಪದದ ಅರ್ಥವು ಮಸುಕಾದರೆ ಆಚರಣೆಯ ಅರ್ಥವೂ ಮಸುಕಾಗುತ್ತದೆ. ಆದುದರಿಂದ ಈ ಸಂಚಿಕೆಯ ಸ್ವಾಧ್ಯಾಯಕ್ಕೆ ಈ ಒಂದೇ ಪದವನ್ನು ಆರಿಸಿಕೊಂಡಿದ್ದೇನೆ.

ಈ ವಿಚಾರವು ನನ್ನ ಮನಸ್ಸಿಗೆ ಹತ್ತಲು ಕಾರಣರಾದವರು ನನ್ನ ಸೋದರತ್ತೆಯವರು. ಅವರು 14 ವರ್ಷಗಳ ಕಾಲ ಅನಂತ ವ್ರತವನ್ನು ಒಂದು ವರ್ಷವೂ ತಪ್ಪದಂತೆ ಆಚರಿಸಿದ್ದರು. ಹದಿನೈದನೆಯ ವರ್ಷವೂ ಚತುರ್ದಶಿಯ ದಿನ ಮಡಿಯುಟ್ಟು ಬಸದಿಗೆ ಹೊರಟು ನಿಂತಾಗ, “ಅತ್ತೆ, ನಿಮ್ಮ ವ್ರತದ ಅವಧಿ ಮುಗಿಯಿತಲ್ಲವೇ?” ಎಂದು ಕೇಳಿದೆ. “ಮುಗಿಯುವುದೆಲ್ಲಿ ಬಂತಪ್ಪಾ! ಉದ್ಯಾಪನೆ ಮಾಡಿಸುವ ಅನುಕೂಲ ನಮಗಿಲ್ಲ. ನನ್ನದು ಅರೆಗೆ ನಿಂತ ನೋಂಪಿ” ಎಂದು ಕಣ್ಣು ತುಂಬಿಕೊಂಡರು. ಹದಿನಾಲ್ಕು ವರ್ಷಗಳ ಉಪವಾಸ, ಜಪ, ಪೂಜೆಗಳೆಲ್ಲವೂ ಹಣವಿಲ್ಲದ ಕಾರಣದಿಂದ ಅಪೂರ್ಣವಾಗುವವೇ? ಈ ಪ್ರಶ್ನೆಗೆ ಉತ್ತರವು ಪದದಲ್ಲಿಯೇ ಇದೆ.

ಪದದ ಮೂಲ

‘ಉದ್ಯಾಪನ’ವು ಸಂಸ್ಕೃತ ಪದ. ‘ಯಾ’ ಎಂಬ ಧಾತುವಿಗೆ ಹೋಗು ಎಂದರ್ಥ. ಅದಕ್ಕೆ ‘ಉತ್’ ಎಂಬ ಉಪಸರ್ಗ ಸೇರಿದಾಗ ಮೇಲಕ್ಕೆ ಹೋಗು, ಏರು ಎಂಬ ಅರ್ಥ ಬರುತ್ತದೆ. ಅದರ ಪ್ರೇರಣಾರ್ಥಕ ರೂಪದಿಂದ ಹುಟ್ಟಿದ ‘ಉದ್ಯಾಪನ’ಕ್ಕೆ ‘ಮೇಲಕ್ಕೆ ಒಯ್ಯುವುದು, ಕೊನೆ ಮುಟ್ಟಿಸುವುದು, ಸಿದ್ಧಿಗೆ ತಲಪಿಸುವುದು’ ಎಂದು ಅರ್ಥ. ಹಿಡಿದ ವ್ರತವನ್ನು ಅದರ ನೆಲೆಗೆ ಮುಟ್ಟಿಸುವುದೇ ಉದ್ಯಾಪನೆ. ಈ ಅರ್ಥದಲ್ಲಿ ದ್ರವ್ಯವಾಗಲಿ, ಭೋಜನವಾಗಲಿ, ಮೆರವಣಿಗೆಯಾಗಲಿ ಇಲ್ಲ ಎಂಬುದನ್ನು ಗಮನಿಸಬೇಕು.

ಈ ಪದವು ಕನ್ನಡಕ್ಕೆ ಹೊಸತಲ್ಲ. ಹಳಗನ್ನಡದಲ್ಲಿ ಇದರ ತದ್ಭವ ರೂಪ ‘ಉಜ್ಜವಣೆ’. ವಿದ್ಯೆಯು ‘ಬಿಜ್ಜೆ’ಯಾದಂತೆ, ಉದ್ಯೋಗವು ‘ಉಜ್ಜುಗ’ವಾದಂತೆ, ಉದ್ಯಾಪನೆಯು ‘ಉಜ್ಜವಣೆ’ಯಾಯಿತು. ಪಂಡಿತರ ನಾಲಿಗೆಯಲ್ಲಿ ಮಾತ್ರವಿದ್ದ ಪದವು ಹೀಗೆ ಮಾರ್ಪಡುವುದಿಲ್ಲ; ಜನರ ಬಾಯಲ್ಲಿ ಸವೆದ ಪದವೇ ತದ್ಭವವಾಗುತ್ತದೆ.

ಇದರ ಜೊತೆಗಾರ ಪದ ‘ನೋಂಪಿ’ಯಂತೂ ಅಚ್ಚ ಕನ್ನಡದ್ದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ 7ನೆಯ ಶತಮಾನದ ಶಾಸನಗಳು ಸಲ್ಲೇಖನದಿಂದ ದೇಹವನ್ನು ತ್ಯಜಿಸಿದವರನ್ನು ಹೇಳುವಾಗ ‘ನೋಂತು’ ಎಂಬ ಕ್ರಿಯಾಪದವನ್ನೇ ಬಳಸುತ್ತವೆ. ನೋನುವುದು ಎಂದರೆ ವ್ರತವನ್ನು ಕೈಕೊಂಡು ನಡೆಸುವುದು. ನೋಂಪಿಯು ನಡೆಸುವ ಕಾರ್ಯ. ಉದ್ಯಾಪನೆಯು ಆ ಕಾರ್ಯವನ್ನು ಕೊನೆ ಮುಟ್ಟಿಸುವ ವಿಧಿ.

ಮೂರು ಸಮಾಪ್ತಿಗಳು

ನಮ್ಮ ಧಾರ್ಮಿಕ ವ್ಯವಹಾರದಲ್ಲಿ ‘ಮುಗಿಸುವುದು’ ಎಂಬ ಅರ್ಥದ ಮೂರು ಪದಗಳಿವೆ. ಅವುಗಳನ್ನು ಒಂದರ ಬದಲು ಮತ್ತೊಂದನ್ನಾಗಿ ಬಳಸುವ ರೂಢಿ ಹೆಚ್ಚುತ್ತಿರುವುದರಿಂದ ಭೇದವನ್ನು ತಿಳಿಯುವುದು ಅವಶ್ಯ.

ಮೊದಲನೆಯದು ವಿಸರ್ಜನೆ. ಆಹ್ವಾನ, ಸ್ಥಾಪನ, ಸನ್ನಿಧೀಕರಣ, ಪೂಜನ, ವಿಸರ್ಜನ ಎಂಬ ಪೂಜೆಯ ಐದು ಅಂಗಗಳಲ್ಲಿ ಇದು ಕೊನೆಯದು. ಇದು ಆ ಹೊತ್ತಿನ ಪೂಜೆಯ ಸಮಾಪ್ತಿ.

ಎರಡನೆಯದು ಪಾರಣೆ. ಉಪವಾಸದ ಮರುದಿನ ಶುದ್ಧವಾದ ಆಹಾರವನ್ನು ಸ್ವೀಕರಿಸುವುದಕ್ಕೆ ಈ ಹೆಸರು. ಇದು ಒಂದು ಉಪವಾಸದ ಸಮಾಪ್ತಿ.

ಮೂರನೆಯದೇ ಉದ್ಯಾಪನೆ. ಇಷ್ಟು ವರ್ಷ ನಡೆಸುತ್ತೇನೆಂದು ದೇವಗುರುಗಳ ಸಾಕ್ಷಿಯಾಗಿ ಸಂಕಲ್ಪಿಸಿದ ವ್ರತದ ಸಮಾಪ್ತಿ. ದಶಲಕ್ಷಣ ವ್ರತಕ್ಕೆ 10 ವರ್ಷ, ಅನಂತ ವ್ರತಕ್ಕೆ 14 ವರ್ಷ, ಷೋಡಶಕಾರಣ ವ್ರತಕ್ಕೆ 16 ವರ್ಷ ಎಂದು ವಿಧಿಯಿದೆ. ಈ ಅವಧಿಯು ತುಂಬಿದಾಗಲೇ ಉದ್ಯಾಪನೆಯ ಪ್ರಸಕ್ತಿ. ಆದಕಾರಣ ‘ಅಷ್ಟಮಿಯ ಉಪವಾಸದ ಉದ್ಯಾಪನೆ’ ಎಂದು ಒಂದು ದಿನದ ಉಪವಾಸಕ್ಕೆ ಹೇಳುವುದು ಸರಿಯಲ್ಲ. ಅಲ್ಲಿ ‘ಪಾರಣೆ’ ಎಂದೇ ಹೇಳಬೇಕು. ಅಂತೆಯೇ ‘ಉತ್ಥಾಪನೆ’ ಎಂದು ಅಚ್ಚಾಗುವುದೂ ತಪ್ಪು. ಉತ್ಥಾಪನೆಯೆಂದರೆ ಎಬ್ಬಿಸುವುದು, ವ್ರತಕ್ಕೂ ಅದಕ್ಕೂ ಸಂಬಂಧವಿಲ್ಲ.

ಯಾವ ವ್ರತಕ್ಕೆ ಉದ್ಯಾಪನೆಯಿಲ್ಲ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಗವನ್ನು ನಿಯಮವೆಂದೂ ಯಮವೆಂದೂ ಎರಡಾಗಿ ವಿಂಗಡಿಸಿದ್ದಾರೆ. ಕಾಲದ ಮಿತಿಯುಳ್ಳದ್ದು ನಿಯಮ. ಜೀವವಿರುವವರೆಗೂ ಹಿಡಿಯುವುದು ಯಮ. ಈ ಭೇದವನ್ನು ಅರಿತರೆ ನಮ್ಮ ಪದದ ಎಲ್ಲೆಯು ತಾನಾಗಿ ಸ್ಪಷ್ಟವಾಗುತ್ತದೆ. ಉದ್ಯಾಪನೆಯು ನಿಯಮರೂಪದ ವ್ರತಗಳಿಗೆ ಮಾತ್ರ. ಮದ್ಯ ಮಾಂಸ ಮಧುಗಳ ತ್ಯಾಗಕ್ಕಾಗಲಿ, ಯಾವಜ್ಜೀವ ಸ್ವೀಕರಿಸಿದ ಅಹಿಂಸಾದಿ ಅಣುವ್ರತಗಳಿಗಾಗಲಿ ಉದ್ಯಾಪನೆಯಿಲ್ಲ. ಅವುಗಳನ್ನು ಕೊನೆಯುಸಿರಿನವರೆಗೆ ಪಾಲಿಸುವುದೇ ಅವುಗಳ ಪೂರ್ಣತೆ.

ಇನ್ನೊಂದು ಮಾತು. ‘ಉದ್ಯಾಪನೆಯಾಯಿತು, ಇನ್ನು ಕಟ್ಟಿಲ್ಲ’ ಎಂಬ ಭಾವನೆಯೂ ಪದದ ಅರ್ಥಕ್ಕೆ ವಿರುದ್ಧ. ‘ಉತ್’ ಎಂದರೆ ಮೇಲಕ್ಕೆ ಎಂದು ಆಗಲೇ ನೋಡಿದೆವು. ಹತ್ತು ವರ್ಷ ಉತ್ತಮ ಕ್ಷಮೆಯನ್ನು ಪೂಜಿಸಿದವನು ಹನ್ನೊಂದನೆಯ ವರ್ಷ ನೆರೆಯವನೊಡನೆ ಗಡಿಯ ಕಲ್ಲಿಗಾಗಿ ವೈರ ಸಾಧಿಸಿದರೆ ಅವನ ವ್ರತವು ಮೇಲಕ್ಕೆ ಹೋಗಲಿಲ್ಲ, ಇದ್ದಲ್ಲಿಯೇ ಕುಳಿತಿತು.

ಉದ್ಯಾಪನೆಯಲ್ಲಿ ಮಾಡತಕ್ಕದ್ದು

ಸಾಮಾನ್ಯವಾಗಿ ಉದ್ಯಾಪನೆಯ ದಿನ ಜಿನಾಭಿಷೇಕ, ವ್ರತಕ್ಕೆ ಸಂಬಂಧಪಟ್ಟ ಮಂಡಲವನ್ನು ಬರೆದು ಮಾಡುವ ಆರಾಧನೆ, ಬಸದಿಗೆ ಉಪಕರಣಗಳ ಸಮರ್ಪಣೆ, ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನ ಇವು ನಡೆಯುತ್ತವೆ. ವ್ರತದ ಸಂಖ್ಯೆಗೆ ಸರಿಯಾಗಿ, ಅನಂತ ವ್ರತಕ್ಕೆ ಹದಿನಾಲ್ಕು ಎಂಬಂತೆ, ವಸ್ತುಗಳನ್ನು ಅರ್ಪಿಸುವ ಪದ್ಧತಿಯಿದೆ. ಹದಿನಾಲ್ಕನೆಯ ತೀರ್ಥಂಕರರಾದ ಅನಂತನಾಥರನ್ನು ಸ್ಮರಿಸುವ ಸಂಖ್ಯೆಯದು. ಅದು ಸ್ಮರಣೆಗಾಗಿ ಇರುವ ಸಂಖ್ಯೆಯೇ ಹೊರತು ಬೆಲೆಯನ್ನು ಅಳೆಯುವ ಸಂಖ್ಯೆಯಲ್ಲ.

ಇವೆಲ್ಲಕ್ಕೂ ಮುನ್ನ ಮಾಡತಕ್ಕ ಕಾರ್ಯವೊಂದಿದೆ. ಅದು ಆಲೋಚನೆ, ಎಂದರೆ ಆದ ದೋಷಗಳನ್ನು ಗುರುಸಮಕ್ಷಮದಲ್ಲಿ ಒಪ್ಪಿಕೊಳ್ಳುವುದು. ಪ್ರೋಷಧೋಪವಾಸಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯ ಎರಡು ಅನಾದರ ಮತ್ತು ಸ್ಮೃತ್ಯನುಪಸ್ಥಾನ. ಹಸಿವಿನಿಂದ ಬೇಸತ್ತು ವ್ರತದಲ್ಲಿ ಆದರವನ್ನು ಕಳೆದುಕೊಳ್ಳುವುದು ಅನಾದರ. ಮಾಡತಕ್ಕದ್ದನ್ನು ಮರೆಯುವುದು ಸ್ಮೃತ್ಯನುಪಸ್ಥಾನ. ಇಷ್ಟು ವರ್ಷಗಳಲ್ಲಿ ಇವು ಎಷ್ಟು ಬಾರಿ ಆದವೋ ಎಂದು ನೆನೆದು ಪ್ರಾಯಶ್ಚಿತ್ತವನ್ನು ಪಡೆದು ಶುದ್ಧನಾಗದೆ ಮಂಡಲದ ಮುಂದೆ ಕುಳಿತರೆ ಏನು ಪ್ರಯೋಜನ? ಇದಕ್ಕೆ ಒಂದು ಕಾಸೂ ಬೇಡ. ಆದರೆ ಇದೇ ಕಠಿಣ.

ಶಕ್ತಿಯಿಲ್ಲದವರು ಏನು ಮಾಡಬೇಕು?

ಈಗ ಸೋದರತ್ತೆಯವರ ಪ್ರಶ್ನೆಗೆ ಬರೋಣ. ಉದ್ಯಾಪನೆಯನ್ನು ಮಾಡುವ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸಬೇಕೆಂದು ನಮ್ಮ ವ್ರತಕಥೆಗಳು ಸ್ಪಷ್ಟವಾಗಿ ವಿಧಿಸುತ್ತವೆ. ಈ ವಿಧಿಯನ್ನು ಕೆಲವರು ದಂಡವೆಂದು ತಿಳಿಯುತ್ತಾರೆ. ಅದು ದಂಡವಲ್ಲ, ಬಡವನಿಗೆ ಶಾಸ್ತ್ರವು ಇತ್ತ ಗೌರವ. ಧನವಂತನು ದ್ರವ್ಯದಿಂದ ಸಲ್ಲಿಸುವುದನ್ನು ಧನವಿಲ್ಲದವನು ತಪಸ್ಸಿನಿಂದ ಸಲ್ಲಿಸಬಹುದು. ಎರಡೂ ವ್ರತವನ್ನು ಕೊನೆ ಮುಟ್ಟಿಸುತ್ತವೆ ಎಂಬುದೇ ಅದರ ತಾತ್ಪರ್ಯ. ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ‘ಶಕ್ತಿತಸ್ತ್ಯಾಗ’ವೂ ‘ಶಕ್ತಿತಸ್ತಪ’ವೂ ಇವೆ. ಎರಡು ಕಡೆಯೂ ‘ಶಕ್ತಿಗೆ ತಕ್ಕಂತೆ’ ಎಂಬ ಮಾತೇ ಮೊದಲು ಬಂದಿದೆ. ಶಕ್ತಿಯನ್ನು ಮೀರಿ ಸಾಲ ಮಾಡಿ ಉದ್ಯಾಪನೆ ನಡೆಸಿ, ಮುಂದೆ ಬಡ್ಡಿಯ ಚಿಂತೆಯಲ್ಲಿ ಆರ್ತಧ್ಯಾನಕ್ಕೆ ಬೀಳುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ. ಶಕ್ತಿಯಿದ್ದೂ ಅಡಗಿಸಿಡುವುದು ಕೂಡ ಅಷ್ಟೇ ದೋಷವೆಂಬುದನ್ನು ಉಳ್ಳವರು ನೆನಪಿಡಬೇಕು.

ಊರಿನ ಬಸದಿಯಲ್ಲಿ ಪ್ರವಚನ ಮಾಡಲು ಬಂದಿದ್ದ ವೃದ್ಧ ಪಂಡಿತರೊಬ್ಬರಿಂದ ಈ ವಿಧಿಯನ್ನು ಕೇಳಿದ ದಿನ ಸೋದರತ್ತೆಯವರ ಮುಖದಲ್ಲಿ ಕಂಡ ಸಮಾಧಾನವನ್ನು ನಾನು ಮರೆಯಲಾರೆ. “ಹಾಗಾದರೆ ನಾನು ಅರ್ಧಕ್ಕೆ ನಿಂತವಳಲ್ಲ, ಅರ್ಧ ದಾರಿ ನಡೆದವಳು” ಎಂದರು. 28 ವರ್ಷಗಳನ್ನು ತುಂಬಿಸಿದ ಮೇಲೆ ಹದಿನಾಲ್ಕು ಅರ್ಘ್ಯಗಳನ್ನೂ ಬಸದಿಗೆ ಒಂದು ಶಾಸ್ತ್ರಗ್ರಂಥವನ್ನೂ ಅರ್ಪಿಸಿದರು. ಪತ್ರಿಕೆಯನ್ನು ಅಚ್ಚು ಹಾಕಿಸಲಿಲ್ಲ, ಭೋಜನವಿರಲಿಲ್ಲ. ಉದ್ಯಾಪನೆಯಲ್ಲಿ ಕೊರತೆಯೇನೂ ಇರಲಿಲ್ಲ.

ಉದ್ಯಾಪನೆಯಿಂದ ಉಳಿದ ಆಗಮ

ಒಂದು ಗ್ರಂಥದ ದಾನವು ಅಲ್ಪವೆಂದು ಯಾರೂ ತಿಳಿಯಬಾರದು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿ ಬಂದ ತಾಡವೋಲೆಯ ಸಿದ್ಧಾಂತ ಗ್ರಂಥಗಳ ಪ್ರಶಸ್ತಿಗಳನ್ನು ನೋಡಿರಿ. ಭುಜಬಲ ಗಂಗ ಪೆರ್ಮಾಡಿದೇವನ ಬಂಧುವಾದ ದೇಮಿಯಕ್ಕನು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಯ ಸಂದರ್ಭದಲ್ಲಿ ಧವಲದ ಪ್ರತಿಯನ್ನು ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಶಾಂತಿಸೇನನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮಿ ವ್ರತದ ಉದ್ಯಾಪನೆಗಾಗಿ ಮಹಾಧವಲವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದಳು. ಪುಷ್ಪದಂತ ಭೂತಬಲಿ ಆಚಾರ್ಯರ ಷಟ್ಖಂಡಾಗಮವೂ ವೀರಸೇನಾಚಾರ್ಯರ ಧವಲಾ ಟೀಕೆಯೂ ಈ ಓಲೆಗಳಿಂದಲೇ ಉಳಿದು ಬಂದವು. 1939ರಲ್ಲಿ ಧವಲದ ಮೊದಲ ಸಂಪುಟವು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾಗಿ, ಮುಂದೆ ಒಟ್ಟು 16 ಸಂಪುಟಗಳಲ್ಲಿ ಅದು ಜಿಜ್ಞಾಸುಗಳ ಕೈಸೇರಿತು.

ಆ ಕಾಲದಲ್ಲಿ ನಡೆದ ಎಷ್ಟೋ ವೈಭವದ ಉದ್ಯಾಪನೆಗಳ ಕುರುಹು ಇಂದು ಉಳಿದಿಲ್ಲ. ಇಬ್ಬರು ಗೃಹಿಣಿಯರ ವ್ರತವು ಮಾತ್ರ ಸಮಸ್ತ ದಿಗಂಬರ ಸಮಾಜಕ್ಕೆ ಆಗಮವನ್ನೇ ಉಳಿಸಿಕೊಟ್ಟಿತು. ವ್ರತವನ್ನು ‘ಮೇಲಕ್ಕೆ ಒಯ್ಯುವುದು’ ಎಂಬ ಅರ್ಥಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಬೇಕೆ?

ಆಮಂತ್ರಣದಲ್ಲಿ ಪ್ರಯೋಗ

ಕೊನೆಯದಾಗಿ ಪತ್ರಿಕೆಯ ಬರವಣಿಗೆಯನ್ನು ಕುರಿತು ಎರಡು ಮಾತು. ಪುರೋಹಿತರು ಪೂಜಾವಿಧಿಯನ್ನು ಮಾಡಿಸುತ್ತಾರೆ. ಉದ್ಯಾಪನೆಯನ್ನು ಮಾಡುವವರು ವ್ರತಿಗಳೇ. ಆದುದರಿಂದ ಪತ್ರಿಕೆಯಲ್ಲಿ ವ್ರತಿಯ ಹೆಸರು, ವ್ರತದ ಹೆಸರು, ಆಚರಿಸಿದ ವರ್ಷಗಳು ಇವು ಮುಂದೆ ಬರಬೇಕು, ಯಜಮಾನರ ಬಿರುದುಗಳಲ್ಲ. ‘ನಮ್ಮ ಮಾತೃಶ್ರೀಯವರು 10 ವರ್ಷಗಳಿಂದ ಆಚರಿಸಿಕೊಂಡು ಬಂದ ದಶಲಕ್ಷಣ ವ್ರತದ ಉದ್ಯಾಪನೆಯು ನೆರವೇರಲಿರುವುದರಿಂದ ತಾವು ಸಕುಟುಂಬರಾಗಿ ಆಗಮಿಸಿ ವ್ರತವನ್ನು ಅನುಮೋದಿಸಬೇಕಾಗಿ ವಿನಂತಿ’ ಎಂದು ಬರೆದರೆ ಸಾಕು. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ಬಂದವರಿಗೆ ದೊರೆಯುವ ಪಾಲು ಅನುಮೋದನೆ. ಅತಿಥಿಯು ಊಟಕ್ಕೆ ಬಂದವನಲ್ಲ, ಅನುಮೋದನೆಗೆ ಬಂದವನು ಎಂಬ ಅರಿವು ಇಬ್ಬರಲ್ಲಿಯೂ ಇರಲಿ.

ಈ ಭಾದ್ರಪದದಲ್ಲಿ ಖರ್ಚಿಗೆ ಅಂಜಿ ವ್ರತವನ್ನು ಹಿಡಿಯಲು ಹಿಂಜರಿಯುತ್ತಿರುವ ತಾಯಂದಿರು ನಿಮ್ಮ ನೆರೆಯಲ್ಲಿದ್ದರೆ ಈ ಪದದ ಅರ್ಥವನ್ನು ಅವರಿಗೆ ತಿಳಿಸಿರಿ. ನಿಮ್ಮ ಮನೆಯಲ್ಲಿಯೇ ‘ಅರೆಗೆ ನಿಂತ’ ವ್ರತವೊಂದಿದ್ದರೆ, ಗುರುಗಳನ್ನು ಕಂಡು, ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದಕ್ಕೆ ನಡೆಸಿರಿ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ವಿಸರ್ಜನೆ, ಪಾರಣೆ, ಉದ್ಯಾಪನೆ ಇವುಗಳ ಭೇದವೇನು?
2. ಯಮರೂಪದ ವ್ರತಕ್ಕೆ ಉದ್ಯಾಪನೆಯಿಲ್ಲವೇಕೆ?
3. ಇಮ್ಮಡಿ ಅವಧಿಯ ವಿಧಿಯು ದಂಡವಲ್ಲವೆಂಬುದನ್ನು ವಿವರಿಸಿರಿ.

ಭದ್ರಂ ಭೂಯಾತ್.